ಟಾಸ್ಮೇನಿಯಾದಲ್ಲಿ ಹುಟ್ಟದ ಮರ್ಲ್ ಒಬೆರಾನ್

2023ರ ಜನವರಿಯಲ್ಲಿ ಮಿಶೆಲ್ ಯೋ ಅತ್ಯುತ್ತಮ ನಟಿ ಆಸ್ಕರ್‌ಗೆ ನಾಮನಿರ್ದೇಶನಗೊಂಡಾಗ ಅಮೆರಿಕದ ಪತ್ರಿಕೆಗಳಿಗೆ ಒಂದು ಸಣ್ಣ ಪೇಚು ಎದುರಾಯಿತು. ಈ ವಿಭಾಗದಲ್ಲಿ ಹೆಸರು ಬಂದ ಮೊದಲ ಏಷ್ಯನ್ ನಟಿ ಎಂದು ಬರೆದರೆ ತಪ್ಪಾಗುತ್ತದೆ. ಬರೆಯದಿದ್ದರೆ ಸುದ್ದಿಯ ಸ್ವಾರಸ್ಯವೇ ಹೋಗುತ್ತದೆ. ಕಡೆಗೆ ಕೆಲವರು ಒಂದು ಸುತ್ತುಬಳಸಿನ ಮಾತನ್ನು ಹೊಸೆದರು: ತಾನು ಏಷ್ಯನ್ ಎಂದು ಸ್ವತಃ ಹೇಳಿಕೊಂಡವರಲ್ಲಿ ಈಕೆ ಮೊದಲಿಗಳು. ಓದಿದ ಹಲವರು ನಕ್ಕರು, ಹಾಗೆಂದರೆ ಏನು ಎಂದು ಕೇಳಿದರು. ಹೇಳಿಕೊಳ್ಳದೆ ಏಷ್ಯನ್ ಆಗಿದ್ದವರು ಯಾರು?

ಅದಕ್ಕೂ 87 ವರ್ಷ ಹಿಂದೆ, 1936ರಲ್ಲಿ, ಅದೇ ಪ್ರಶಸ್ತಿಯ ಪಟ್ಟಿಯಲ್ಲಿ ಮರ್ಲ್ ಒಬೆರಾನ್ ಎಂಬ ಹೆಸರಿತ್ತು. ಚಿತ್ರ 'ದಿ ಡಾರ್ಕ್ ಏಂಜೆಲ್'. ಪ್ರಶಸ್ತಿ ಆ ವರ್ಷ ಬೆಟ್ಟಿ ಡೇವಿಸ್‌ಗೆ ಹೋಯಿತು. ಮರ್ಲ್ ಆಸ್ಟ್ರೇಲಿಯಾದ ಟಾಸ್ಮೇನಿಯಾ ದ್ವೀಪದಲ್ಲಿ ಹುಟ್ಟಿದ, ಒಳ್ಳೆಯ ಮನೆತನದ ಬ್ರಿಟಿಷ್ ಹುಡುಗಿ ಎಂದು ಅಂದು ಸಿನಿಮಾ ಲೋಕವೆಲ್ಲ ನಂಬಿತ್ತು. ಆಕೆ ಹುಟ್ಟಿದ್ದು ಬಾಂಬೆಯಲ್ಲಿ, 1911ರ ಫೆಬ್ರವರಿ 19ರಂದು. ಬೆಳೆದದ್ದು ಕಲ್ಕತ್ತೆಯಲ್ಲಿ. ಸಾಯುವವರೆಗೂ ಈ ಎರಡು ಊರುಗಳ ಹೆಸರನ್ನು ತನ್ನ ಬದುಕಿನ ಕತೆಯಿಂದ ಹೊರಗಿಟ್ಟಳು.

ಈಗ ಆಕೆಯ ಬಗ್ಗೆ ಬರುವ ಬರಹಗಳಲ್ಲಿ ಎರಡು ದನಿಗಳು ಕೇಳುತ್ತವೆ. ಆಕೆ ಸುಳ್ಳಿ, ತನ್ನವರನ್ನು ಮಾರಿಕೊಂಡು ಮೇಲೆ ಬಂದವಳು ಎನ್ನುವುದು ಒಂದು. ಆಕೆ ನಮ್ಮವಳು, ಆಸ್ಕರ್ ಅಂಗಳಕ್ಕೆ ಹೋದ ಮೊದಲ ಭಾರತೀಯಳು ಎಂದು ಎದೆ ತಟ್ಟಿಕೊಳ್ಳುವುದು ಇನ್ನೊಂದು. ಮೇಲ್ನೋಟಕ್ಕೆ ಇವು ಎದುರುಬದುರು. ಆದರೆ ಎರಡಕ್ಕೂ ಒಂದೇ ಅನುಕೂಲವಿದೆ. ಆ ಸುಳ್ಳು ಏಕೆ ಬೇಕಾಯಿತು, ಅದನ್ನು ಯಾರು ಬರೆದರು, ಅದರ ಬಿಲ್ಲು ಯಾರ ತಲೆಗೆ ಬಿತ್ತು ಎಂಬುದನ್ನು ಇಬ್ಬರೂ ಕೇಳಬೇಕಾಗಿ ಬರುವುದಿಲ್ಲ.

ಹುಟ್ಟಿದಾಗಿನ ಹೆಸರು ಎಸ್ಟೆಲ್ ಮರ್ಲ್ ಓಬ್ರಿಯನ್ ಥಾಂಪ್ಸನ್. ಮನೆಯಲ್ಲಿ ಕರೆಯುತ್ತಿದ್ದುದು ಕ್ವೀನಿ ಎಂದು. ತಂದೆ ಎಂದು ದಾಖಲಾಗಿರುವುದು ರೈಲ್ವೆಯಲ್ಲಿ ಕೆಲಸಕ್ಕಿದ್ದ ಆರ್ಥರ್ ಥಾಂಪ್ಸನ್ ಎಂಬ ಬ್ರಿಟಿಷ್ ಎಂಜಿನಿಯರ್. ತಾಯಿ ಎಂದು ಆಕೆ ತಿಳಿದುಕೊಂಡಿದ್ದುದು ಸಿಲೋನ್ ಮೂಲದ ಮಿಶ್ರ ಕುಲದ ಶಾರ್ಲೆಟ್ ಸೆಲ್ಬಿಯನ್ನು. ಮರ್ಲ್ ತೀರಿಕೊಂಡು ಎರಡು ದಶಕ ಕಳೆದ ಮೇಲೆ, 2002ರಲ್ಲಿ ಬಂದ 'ದಿ ಟ್ರಬಲ್ ವಿತ್ ಮರ್ಲ್' ಎಂಬ ಆಸ್ಟ್ರೇಲಿಯನ್ ಸಾಕ್ಷ್ಯಚಿತ್ರ ಇನ್ನೊಂದು ಪದರ ಬಿಚ್ಚಿತು. ಮುಂಬೈಯಲ್ಲಿ ಸಿಕ್ಕ ಜನನ ದಾಖಲೆಯ ಪ್ರಕಾರ ಹೆತ್ತ ತಾಯಿ ಶಾರ್ಲೆಟ್ ಅಲ್ಲ, ಶಾರ್ಲೆಟ್‌ಳ ಮಗಳು ಕಾನ್‌ಸ್ಟನ್ಸ್. ಹೆತ್ತಾಗ ಆ ಹುಡುಗಿಗೆ ಹದಿನೈದೂ ತುಂಬಿರಲಿಲ್ಲ. ಊರಿನ ಬಾಯಿಯಿಂದ ಮಗಳನ್ನು ಉಳಿಸಲು ಅಜ್ಜಿಯೇ ಮೊಮ್ಮಗಳನ್ನು ತನ್ನ ಮಗುವೆಂದು ಸಾಕಿದಳು. ಮರ್ಲ್ ಅಕ್ಕ ಎಂದು ತಿಳಿದಿದ್ದವಳೇ ತಾಯಿ.

ಅಂದರೆ ಈ ಕತೆಯ ಮೊದಲ ಸುಳ್ಳನ್ನು ಹೇಳಿದ್ದು ಮರ್ಲ್ ಅಲ್ಲ. ಆಕೆ ತೊಟ್ಟಿಲಲ್ಲಿದ್ದಾಗಲೇ ದೊಡ್ಡವರು ಅದನ್ನು ಹೇಳಿದ್ದರು. ಮರ್ಯಾದೆ ಉಳಿಯಬೇಕಾದರೆ ಹುಟ್ಟಿನ ಕತೆಯನ್ನು ತಿದ್ದಬೇಕು ಎಂಬುದು ಆಕೆಗೆ ಬಂದ ಮನೆತನದ ಆಸ್ತಿ.

ಕಲ್ಕತ್ತೆಯಲ್ಲಿ ಲಾ ಮಾರ್ಟಿನಿಯರ್ ಶಾಲೆಗೆ ವಿದ್ಯಾರ್ಥಿವೇತನದ ಮೇಲೆ ಸೇರಿದಳು. ಮಿಶ್ರ ಕುಲದವಳೆಂದು ಸಹಪಾಠಿಗಳು ಹೀಯಾಳಿಸಿದ್ದರಿಂದ ಶಾಲೆ ಬಿಟ್ಟು ಮನೆಯಲ್ಲೇ ಓದಿದಳು ಎಂದು ಆಕೆಯ ಜೀವನಚರಿತ್ರೆಗಳು ಹೇಳುತ್ತವೆ. ಕೆಲಕಾಲ ಟೆಲಿಫೋನ್ ಆಪರೇಟರ್ ಆಗಿದ್ದಳು, ಹವ್ಯಾಸಿ ನಾಟಕ ತಂಡದಲ್ಲಿ ಬಣ್ಣ ಹಚ್ಚಿದಳು. 1920ರ ದಶಕದ ಕೊನೆಯಲ್ಲಿ ಶಾರ್ಲೆಟ್‌ಳನ್ನು ಕರೆದುಕೊಂಡು ಫ್ರಾನ್ಸ್ ದಾರಿಯಾಗಿ ಲಂಡನ್ನಿಗೆ ಹೋದಳು. ಅಲ್ಲಿ ಕ್ವೀನಿ ಓಬ್ರಿಯನ್ ಹೆಸರಿನಲ್ಲಿ ಕ್ಲಬ್ಬೊಂದರಲ್ಲಿ ಕೆಲಸ ಮಾಡಿದಳು, ಸಿನಿಮಾಗಳಲ್ಲಿ ಮಾತಿಲ್ಲದ ಪುಡಿ ಪಾತ್ರ ಮಾಡಿದಳು. ಹಂಗೆರಿಯಿಂದ ಬಂದಿದ್ದ ನಿರ್ಮಾಪಕ, ನಿರ್ದೇಶಕ ಅಲೆಕ್ಸಾಂಡರ್ ಕೋರ್ಡಾನ ಕಣ್ಣಿಗೆ ಬಿದ್ದದ್ದು ಆಮೇಲೆ. 1933ರ 'ದಿ ಪ್ರೈವೇಟ್ ಲೈಫ್ ಆಫ್ ಹೆನ್ರಿ ದಿ ಏಯ್ತ್' ಚಿತ್ರದಲ್ಲಿ ರಾಣಿ ಆನ್ ಬೊಲಿನ್ ಪಾತ್ರ ಸಿಕ್ಕಿತು. ಪರದೆಯ ಮೇಲಿದ್ದದ್ದು ಕೆಲವೇ ನಿಮಿಷ. ಆದರೆ ಶಿರಚ್ಛೇದಕ್ಕೆ ಹೊರಡುವ ರಾಣಿಯ ಆ ಮುಖವನ್ನು ಜನ ಮರೆಯಲಿಲ್ಲ. ಮಾರನೆಯ ವರ್ಷ 'ದಿ ಸ್ಕಾರ್ಲೆಟ್ ಪಿಂಪರ್ನೆಲ್', ಅದರ ಹಿಂದೆಯೇ ಹಾಲಿವುಡ್‌ನ ಸ್ಯಾಮ್ಯುಯೆಲ್ ಗೋಲ್ಡ್‌ವಿನ್ ಜೊತೆ ಒಪ್ಪಂದ.

ಟಾಸ್ಮೇನಿಯಾದ ಕತೆ ಹುಟ್ಟಿದ್ದು ಈ ಹೊತ್ತಿನಲ್ಲಿ, ಪ್ರಚಾರ ವಿಭಾಗದ ಮೇಜಿನ ಮೇಲೆ. ಟಾಸ್ಮೇನಿಯಾ ಬ್ರಿಟಿಷರ ನೆಲ, ಬಿಳಿಯರ ಊರು. ಜೊತೆಗೆ ಲಂಡನ್ನಿನಿಂದ, ಲಾಸ್ ಏಂಜಲೀಸ್‌ನಿಂದ ಯಾರೂ ಹೋಗಿ ವಿಚಾರಿಸಿಕೊಂಡು ಬರಲಾರದಷ್ಟು ದೂರ. ಒಂದು ಸುಳ್ಳಿಗೆ ಅದಕ್ಕಿಂತ ಒಳ್ಳೆಯ ವಿಳಾಸ ಬೇಕೆ?

ಅಷ್ಟೊಂದು ಜಾಗರೂಕತೆ ಏಕೆ ಎಂದು ಕೇಳುವವರು ಆ ಕಾಲದ ಅಮೆರಿಕದ ಕಾನೂನನ್ನು ಒಮ್ಮೆ ನೋಡಬೇಕು. 1917ರ ವಲಸೆ ಕಾಯ್ದೆ ಏಷ್ಯಾದ ಬಹುಭಾಗಕ್ಕೆ ಗೆರೆ ಎಳೆದು, ಅಲ್ಲಿಂದ ಯಾರೂ ಬಂದು ನೆಲೆಸಕೂಡದು ಎಂದಿತ್ತು. ಭಾರತ ಆ ಗೆರೆಯ ಒಳಗಿತ್ತು. 1923ರಲ್ಲಿ ಭಗತ್ ಸಿಂಗ್ ಥಿಂಡ್ ಎಂಬ ಪಂಜಾಬಿನ ಮಾಜಿ ಸೈನಿಕರ ಮೊಕದ್ದಮೆಯಲ್ಲಿ ಅಮೆರಿಕದ ಸುಪ್ರೀಂ ಕೋರ್ಟು ಭಾರತೀಯರು ಬಿಳಿಯರಲ್ಲ, ಆದ್ದರಿಂದ ಪೌರತ್ವಕ್ಕೆ ಅರ್ಹರಲ್ಲ ಎಂದು ತೀರ್ಪಿತ್ತಿತ್ತು. ಥಿಂಡ್ ಅಮೆರಿಕದ ಸೇನೆಯಲ್ಲೇ ದುಡಿದವರು ಎಂಬುದೂ ನೆರವಿಗೆ ಬರಲಿಲ್ಲ. ಈ ಬಾಗಿಲು ಒಂದಿಷ್ಟು ತೆರೆದದ್ದು 1946ರಲ್ಲಿ, ಅದೂ ವರ್ಷಕ್ಕೆ 100 ಭಾರತೀಯರಿಗೆ. ಮರ್ಲ್ ಹಾಲಿವುಡ್‌ಗೆ ಕಾಲಿಟ್ಟದ್ದು ಈ ಎರಡು ದಿನಾಂಕಗಳ ನಡುವೆ. ಮೂಲ ಬಯಲಾಗಿದ್ದರೆ ವೃತ್ತಿ ಮಾತ್ರವಲ್ಲ, ಆ ದೇಶದಲ್ಲಿ ಉಳಿಯುವ ಹಕ್ಕೂ ಪ್ರಶ್ನೆಗೆ ಬೀಳಬಹುದಿತ್ತು.

ಸಿನಿಮಾದ್ದೇ ಇನ್ನೊಂದು ಕಟ್ಟಳೆ ಇತ್ತು. 1930ರಲ್ಲಿ ರೂಪಿಸಿ 1934ರಿಂದ ಬಿಗಿಯಾಗಿ ಜಾರಿಗೆ ತಂದ ನಿರ್ಮಾಣ ಸಂಹಿತೆ, ಬಿಳಿಯರು ಮತ್ತು ಕರಿಯರ ನಡುವಿನ ದೈಹಿಕ ಸಂಬಂಧವನ್ನು ಪರದೆಯ ಮೇಲೆ ನಿಷೇಧಿಸಿತ್ತು. ಬರಹದಲ್ಲಿ ಅಷ್ಟೇ ಇದ್ದರೂ ವ್ಯವಹಾರದಲ್ಲಿ ಅದು ಏಷ್ಯನ್ನರಿಗೂ ತಗುಲುತ್ತಿತ್ತು. ಬಿಳಿಯ ನಾಯಕನನ್ನು ಪ್ರೀತಿಸುವ ನಾಯಕಿಯ ಪಾತ್ರ ಬೇಕೆಂದರೆ ನಟಿಯೂ ಬಿಳಿಯಳಾಗಿರಬೇಕು.

ನಿಜ ಹೇಳಿಕೊಂಡಿದ್ದರೆ ಏನಾಗುತ್ತಿತ್ತು ಎಂಬುದಕ್ಕೆ ಊಹೆ ಬೇಕಾಗಿಲ್ಲ, ಉದಾಹರಣೆಯೇ ಇದೆ. ಅನಾ ಮೇ ವಾಂಗ್ ಹುಟ್ಟಿದ್ದು ಲಾಸ್ ಏಂಜಲೀಸ್‌ನಲ್ಲೇ, 1905ರಲ್ಲಿ. ಚೀನೀ ಮೂಲವನ್ನು ಆಕೆ ಮುಚ್ಚಿಡಲಿಲ್ಲ. ಪರ್ಲ್ ಬಕ್ ಅವರ 'ದಿ ಗುಡ್ ಅರ್ತ್' ಕಾದಂಬರಿಯನ್ನು ಎಂಜಿಎಂ ಸ್ಟುಡಿಯೋ ಸಿನಿಮಾ ಮಾಡಲು ಹೊರಟಾಗ ಚೀನೀ ರೈತನ ಹೆಂಡತಿಯ ಪಾತ್ರಕ್ಕೆ ಆಕೆಗಿಂತ ಸಹಜವಾದ ಆಯ್ಕೆ ಇರಲಿಲ್ಲ. ಆದರೆ ಗಂಡನ ಪಾತ್ರ ಪಾಲ್ ಮುನಿ ಎಂಬ ಬಿಳಿಯ ನಟನದು. ಅವನ ಹೆಂಡತಿಯಾಗಿ ನಿಜವಾದ ಚೀನೀ ಹೆಣ್ಣನ್ನು ತೋರಿಸುವುದು ತೊಡಕು. ಪಾತ್ರ ಲೂಯಿಸ್ ರೈನರ್ ಎಂಬ ಜರ್ಮನ್ ಮೂಲದ ನಟಿಗೆ ಹೋಯಿತು, ಅತ್ಯುತ್ತಮ ನಟಿಯ ಆಸ್ಕರ್ ಕೂಡ ಆಕೆಗೇ ಬಂತು. ಹೀಗೆ ಅದೇ ದಶಕದಲ್ಲಿ, ಅದೇ ಊರಿನಲ್ಲಿ, ನಿಜ ಹೇಳಿದವಳು ತನ್ನದೇ ಜನರ ಪಾತ್ರವನ್ನು ಕಳೆದುಕೊಂಡಳು. ಸುಳ್ಳು ಹೇಳಿದವಳು ಇಂಗ್ಲಿಷ್ ಕುಲೀನೆಯಾಗಿ ನಾಮನಿರ್ದೇಶನ ಪಡೆದಳು. ಮರ್ಲ್‌ಳನ್ನು ಸುಳ್ಳಿ ಎನ್ನುವವರು, ನಿಜಕ್ಕೆ ಹಾಲಿವುಡ್ ಕೊಡುತ್ತಿದ್ದ ಕೂಲಿ ಎಷ್ಟು ಎಂಬುದನ್ನು ಪಕ್ಕದಲ್ಲಿ ಬರೆದಿಡುವುದು ನ್ಯಾಯ.

ಭಾರತದಲ್ಲಿ ಹುಟ್ಟಿದ್ದೇ ಅಪರಾಧವಾಗಿತ್ತೆ ಎಂದರೆ ಅದೂ ಅಲ್ಲ. 'ಗಾನ್ ವಿತ್ ದಿ ವಿಂಡ್'ನ ವಿವಿಯನ್ ಲೀ ಹುಟ್ಟಿದ್ದು ಡಾರ್ಜಿಲಿಂಗ್‌ನಲ್ಲಿ, 1913ರಲ್ಲಿ. ಅದನ್ನು ಮುಚ್ಚಿಡುವ ಅಗತ್ಯ ಯಾರಿಗೂ ಕಾಣಲಿಲ್ಲ. ಬ್ರಿಟಿಷ್ ಕುಟುಂಬದ ಮಗಳು ಬೆಟ್ಟದ ಮೇಲೆ ಹುಟ್ಟಿದರೆ ಅದು ಪರಿಚಯದ ಸಾಲಿಗೆ ಒಂದು ಚಂದದ ವಿವರ. ಕಲ್ಕತ್ತೆಯ ಕ್ವೀನಿಗೆ ಭಾರತ ಎಂದರೆ ರಕ್ತ. ಮುಚ್ಚಬೇಕಾಗಿದ್ದದ್ದು ನಕ್ಷೆಯ ಮೇಲಿನ ಊರಲ್ಲ, ಆ ಊರಿನೊಂದಿಗೆ ಆಕೆಯ ಚರ್ಮಕ್ಕಿದ್ದ ನಂಟು.

ಚರ್ಮದಷ್ಟೇ ಕಷ್ಟದ್ದು ನಾಲಗೆ. ಇದರ ಕಡೆ ಹೆಚ್ಚು ಜನ ಗಮನ ಕೊಟ್ಟಿಲ್ಲ. ಮರ್ಲ್ ಚಿತ್ರರಂಗಕ್ಕೆ ಬಂದದ್ದು ಮಾತಿನ ಸಿನಿಮಾಗಳು ಬಂದ ಹೊಸತರಲ್ಲಿ. ಮೂಕಿ ಚಿತ್ರವಾಗಿದ್ದರೆ ಮುಖ ಒಂದನ್ನು ಸಂಭಾಳಿಸಿದರೆ ಸಾಕಿತ್ತು. ಟಾಕಿಯಲ್ಲಿ ಬಾಯಿ ತೆರೆದ ಕೂಡಲೇ ಊರು ಹೊರಗೆ ಬೀಳುತ್ತದೆ. ಆಂಗ್ಲೋ ಇಂಡಿಯನ್ನರ ಇಂಗ್ಲಿಷಿಗೆ ಬ್ರಿಟಿಷರು ಇಟ್ಟಿದ್ದ ಅಡ್ಡಹೆಸರು 'ಛೀ ಛೀ'. ಬ್ರಿಟಿಷ್ ಭಾರತದ ಮಾತುಗಳ ಹಳೆಯ ನಿಘಂಟು 'ಹಾಬ್ಸನ್ ಜಾಬ್ಸನ್' ಅದನ್ನು ಮಿಶ್ರ ಕುಲದವರಿಗೂ ಅವರ ಮಾತಿಗೂ ಅನ್ವಯಿಸುವ ತಾತ್ಸಾರದ ಪದ ಎಂದು ದಾಖಲಿಸಿದೆ. ಅಸಹ್ಯ ಕಂಡಾಗ ಕನ್ನಡದಲ್ಲೂ ಬರುವ ಅದೇ ಛೀ. ಒಂದು ಇಡೀ ಜನರ ಉಚ್ಚಾರಕ್ಕೆ ಹೇಸಿಗೆಯ ಉದ್ಗಾರವನ್ನೇ ಹೆಸರಾಗಿಟ್ಟರು.

ಈ ಉಚ್ಚಾರದ ಗುಟ್ಟು ಕನ್ನಡಿಗರಿಗೆ ಬೇಗ ಅರ್ಥವಾಗುತ್ತದೆ. ತ ಎನ್ನುವಾಗ ನಾಲಗೆ ಹಲ್ಲಿಗೆ ತಾಗುತ್ತದೆ, ಟ ಎನ್ನುವಾಗ ಹಿಂದಕ್ಕೆ ಮಡಚಿ ಅಂಗುಳಕ್ಕೆ ತಾಗುತ್ತದೆ. ಇಂಗ್ಲಿಷರ ಟ ಇವೆರಡರ ನಡುವಿನದು, ಹಲ್ಲಿನ ಹಿಂದಿನ ಒಸಡಿನ ಉಬ್ಬಿಗೆ ತಾಗುವಂಥದ್ದು. ಭಾರತದಲ್ಲಿ ಬೆಳೆದ ಕಿವಿ ಅದನ್ನು ತನ್ನ ಟ ಎಂದೇ ಹಿಡಿಯುತ್ತದೆ, ನಾಲಗೆ ತಾನಾಗಿ ಮಡಚಿಕೊಳ್ಳುತ್ತದೆ. ಅಂತರ ಒಂದು ಬೆರಳಿನಷ್ಟೂ ಇಲ್ಲ. ಆದರೆ ಲಂಡನ್ನಿನ ಕಿವಿಗೆ ಆ ಅಂತರವೇ ಇಡೀ ಜಾತಕ. ಮಾತಿನ ಲಯವೂ ಹಾಗೆಯೇ. ಇಂಗ್ಲಿಷರು ಒಂದು ಅಕ್ಷರವನ್ನು ಒತ್ತಿ ಉಳಿದದ್ದನ್ನು ನುಂಗುತ್ತಾರೆ, ನಮ್ಮ ನುಡಿಗಳು ಎಲ್ಲ ಅಕ್ಷರಕ್ಕೂ ಸರಿಸುಮಾರು ಸಮಪಾಲು ಕೊಡುತ್ತವೆ. ಮರ್ಲ್‌ಳ ಚಿತ್ರಗಳನ್ನು ಕಣ್ಣು ಮುಚ್ಚಿ ಕೇಳಿದರೆ ಕಲ್ಕತ್ತೆಯ ಸುಳಿವು ಸಿಗುವುದಿಲ್ಲ. ತಿದ್ದಿ ತೀಡಿದ, ಕುಲೀನರ ಮನೆಯ ಇಂಗ್ಲಿಷು ಅದು. ಹದಿನೇಳು ಹದಿನೆಂಟರವರೆಗೆ ಕಲ್ಕತ್ತೆಯ ಗಾಳಿಯಲ್ಲಿದ್ದ ನಾಲಗೆ ಹಾಗೆ ಬದಲಾಗಲು ಎಷ್ಟು ದಿನ, ಎಷ್ಟು ಕಾವಲು ಬೇಕು ಎಂಬುದನ್ನು, ಕೆಲಸಕ್ಕಾಗಿ ಪರವೂರಿಗೆ ಬಂದು ಆಫೀಸಿನಲ್ಲಿ ಒಂದು ದನಿ, ಮನೆಗೆ ಫೋನ್ ಮಾಡಿದಾಗ ಇನ್ನೊಂದು ದನಿ ಮಾಡಿಕೊಂಡವರು ಊಹಿಸಬಲ್ಲರು. ಇಂಥವರಿಗೆ ಕನಿಷ್ಠ ಫೋನಿನ ಆಚೆ ಬದಿಯಲ್ಲಿ ಒಂದು ಮನೆ ಇರುತ್ತದೆ. ಮರ್ಲ್‌ಗೆ ಆ ಎರಡನೆಯ ದನಿಯನ್ನು ಎಲ್ಲರೆದುರು ಬಳಸುವ ಜಾಗವೇ ಇರಲಿಲ್ಲ.

ಭಾರತದಲ್ಲೇ ಉಳಿದಿದ್ದರೆ ಆಕೆ ತನ್ನ ಹೆಸರಿನಲ್ಲಿ ಬಾಳಬಹುದಿತ್ತೆ? ಅದೂ ಅನುಮಾನ. ಆ ಕಾಲದ ಭಾರತೀಯ ಮೂಕಿ ಚಿತ್ರಗಳ ದೊಡ್ಡ ತಾರೆಯರಲ್ಲಿ ಹಲವರು ಆಂಗ್ಲೋ ಇಂಡಿಯನ್ ಅಥವಾ ಯಹೂದಿ ಹೆಣ್ಣುಮಕ್ಕಳು. ಹಿಮಾಂಶು ರಾಯ್ ಮತ್ತು ಫ್ರಾಂಜ್ ಓಸ್ಟನ್‌ರ 1925ರ 'ಪ್ರೇಮ ಸನ್ಯಾಸ' ಚಿತ್ರದಲ್ಲಿ ಬುದ್ಧನ ಹೆಂಡತಿಯಾದ ಸೀತಾದೇವಿಯ ನಿಜ ಹೆಸರು ರೆನೀ ಸ್ಮಿತ್. ಪುಣೆಯಲ್ಲಿ ಯಹೂದಿ ಮನೆತನದಲ್ಲಿ ಹುಟ್ಟಿದ ರೂಬಿ ಮೈಯರ್ಸ್ ಪರದೆಯ ಮೇಲೆ ಸುಲೋಚನಾ. ಆಕೆಯೂ ಸಿನಿಮಾಕ್ಕೆ ಬರುವ ಮುಂಚೆ ಟೆಲಿಫೋನ್ ಆಪರೇಟರ್. ಮಾತಿನ ಚಿತ್ರ ಬಂದಾಗ ಹಿಂದೂಸ್ತಾನಿ ಸರಿಯಾಗಿ ಬಾರದ ಸುಲೋಚನಾ ಕೆಲಸಕ್ಕೆ ಬಿಡುವು ಕೊಟ್ಟು ಭಾಷೆ ಕಲಿತು, 1932ರಲ್ಲಿ 'ಮಾಧುರಿ'ಯೊಂದಿಗೆ ಮರಳಿದರು. ಅಲ್ಲಿ ಕ್ವೀನಿ ಭಾರತವನ್ನು ಮುಚ್ಚಿಟ್ಟು ಇಂಗ್ಲಿಷಿನವಳಾದಳು, ಇಲ್ಲಿ ರೆನೀ ಮತ್ತು ರೂಬಿ ಇಂಗ್ಲಿಷ್ ಹೆಸರನ್ನು ಮುಚ್ಚಿಟ್ಟು ಸೀತೆ, ಸುಲೋಚನೆಯರಾದರು. ಇಲ್ಲಿಯ ಬೆಲೆ ಅಲ್ಲಿಗಿಂತ ಬಹಳ ಕಡಿಮೆ ಎಂಬುದು ನಿಜ. ರೂಬಿ ಯಾರೆಂದು ಎಲ್ಲರಿಗೂ ಗೊತ್ತಿತ್ತು, 1973ರ ದಾದಾಸಾಹೇಬ್ ಫಾಲ್ಕೆ ಪ್ರಶಸ್ತಿಯೂ ಸಂದಿತು. ಆದರೂ ನಡುವೆ ನಿಂತವರು ಯಾವ ಕಡೆ ಹೋದರೂ ಬಾಗಿಲಲ್ಲಿ ಹೆಸರು ಬಿಡಬೇಕು ಎಂಬ ನಿಯಮ ಎರಡೂ ಮನೆಗಳಲ್ಲಿ ಇತ್ತು.

ಹಾಲಿವುಡ್‌ನಲ್ಲಿ ಮರ್ಲ್‌ಳ ಮುಖದ ಸುತ್ತ ಒಂದು ಇಡೀ ತಂತ್ರವೇ ಬೆಳೆಯಿತು. 1937ರಲ್ಲಿ ಲಂಡನ್ನಿನಲ್ಲಿ 'ಐ, ಕ್ಲಾಡಿಯಸ್' ಚಿತ್ರೀಕರಣದ ನಡುವೆ ಕಾರು ಅಪಘಾತವಾಗಿ ಮುಖಕ್ಕೆ ಗಾಯವಾಯಿತು, ಆ ಚಿತ್ರ ಅಲ್ಲಿಗೇ ನಿಂತಿತು. ಗಾಯದ ಗುರುತುಗಳ ಜೊತೆಗೆ, ಪ್ರಸಾಧನಗಳಿಂದ ಚರ್ಮ ಕೆಟ್ಟಿತ್ತೆಂದೂ ಜೀವನಚರಿತ್ರೆಕಾರರು ಬರೆಯುತ್ತಾರೆ. 1944ರ 'ದಿ ಲಾಡ್ಜರ್' ಚಿತ್ರದ ಛಾಯಾಗ್ರಾಹಕ ಲೂಸಿಯನ್ ಬಲ್ಲಾರ್ಡ್ ಕ್ಯಾಮೆರಾದ ಮಗ್ಗುಲಿಗೇ ಒಂದು ದೀಪ ಕೂರಿಸಿ, ಬೆಳಕು ನೇರವಾಗಿ ಮುಖದ ಮೇಲೆ ಬಿದ್ದು ಗುರುತುಗಳೆಲ್ಲ ಕರಗುವಂತೆ ಮಾಡಿದ. ಮುಂದಿನ ವರ್ಷ ಅವನೇ ಆಕೆಯ ಗಂಡನಾದ. ಆ ದೀಪಕ್ಕೆ ಆಕೆಯ ಹೆಸರಿನಿಂದಲೇ 'ಓಬಿ' ಎಂಬ ಹೆಸರು ಬಂತು. ಛಾಯಾಗ್ರಹಣದ ಮಾತಿನಲ್ಲಿ ಅದು ಈಗಲೂ ಉಳಿದಿದೆ. ತನ್ನ ಹೆಸರನ್ನು ಬದಲಿಸಿಕೊಂಡ ಹೆಣ್ಣಿನ ಹೆಸರು ಮುಚ್ಚಿಡುವ ಒಂದು ಬೆಳಕಿಗೆ ಅಂಟಿಕೊಂಡಿತು.

ಈ ಮುಚ್ಚಿಡುವಿಕೆಯ ಅತಿ ದೊಡ್ಡ ವ್ಯಂಗ್ಯ ಆಕೆಯ ಅತಿ ಪ್ರಸಿದ್ಧ ಚಿತ್ರದಲ್ಲೇ ಇದೆ. 1939ರ 'ವುದರಿಂಗ್ ಹೈಟ್ಸ್', ವಿಲಿಯಂ ವೈಲರ್ ನಿರ್ದೇಶನ, ನಾಯಕ ಲಾರೆನ್ಸ್ ಒಲಿವಿಯೆ. ಎಮಿಲಿ ಬ್ರಾಂಟೆಯ ಕಾದಂಬರಿಯಲ್ಲಿ ಹೀತ್‌ಕ್ಲಿಫ್ ಲಿವರ್‌ಪೂಲಿನ ಬೀದಿಯಲ್ಲಿ ಸಿಕ್ಕ ಕಪ್ಪು ಮೈಬಣ್ಣದ ಅನಾಥ. ಅವನು ಲಾಸ್ಕರ್ ಇರಬಹುದು ಎಂದು ನೆರೆಯ ಯಜಮಾನ ಊಹಿಸುತ್ತಾನೆ. ಲಾಸ್ಕರ್ ಎಂದರೆ ಬ್ರಿಟಿಷ್ ಹಡಗುಗಳಲ್ಲಿ ದುಡಿಯುತ್ತಿದ್ದ ಭಾರತದ ಕಡೆಯ ನಾವಿಕ. ಮನೆಗೆಲಸದ ನೆಲ್ಲಿ ಅವನನ್ನು ಸಮಾಧಾನ ಮಾಡುತ್ತಾ, ನಿನ್ನ ತಾಯಿ ಭಾರತದ ಯಾವುದೋ ರಾಣಿಯಾಗಿದ್ದಿರಬಹುದು ಎಂದು ಕಲ್ಪಿಸುತ್ತಾಳೆ. ಸಿನಿಮಾದಲ್ಲಿ ಆ ಪಾತ್ರ ಇಂಗ್ಲೆಂಡಿನ ಒಲಿವಿಯೆಗೆ ಹೋಯಿತು. ಅವನನ್ನು ಪ್ರೀತಿಸುವ, ಆದರೆ ಮದುವೆಯಾಗಲು ಹಿಂಜರಿಯುವ ಇಂಗ್ಲಿಷ್ ಹುಡುಗಿ ಕ್ಯಾಥಿಯಾಗಿ, ಮನೆಯಲ್ಲಿ ಕ್ವೀನಿ ಎನಿಸಿಕೊಂಡು ಕಲ್ಕತ್ತೆಯಲ್ಲಿ ಬೆಳೆದವಳು ನಿಂತಳು. ಒಲಿವಿಯೆಗೆ ಆ ಪಾತ್ರದಲ್ಲಿ ಬೇಕಾಗಿದ್ದದ್ದು ವಿವಿಯನ್ ಲೀ, ಸಿಕ್ಕದ್ದು ಮರ್ಲ್. ಹೊರಗಿನವನ ನೋವಿನ ಕತೆಯನ್ನು ಹಾಲಿವುಡ್ ಒಳಗಿನವನ ಕೈಗೆ ಕೊಟ್ಟು, ನಿಜವಾಗಿ ಹೊರಗಿನವಳನ್ನು ಅವನನ್ನು ತಿರಸ್ಕರಿಸುವ ಜಾಗದಲ್ಲಿ ನಿಲ್ಲಿಸಿತು. ಕುಲ ನೋಡಿ ಪ್ರೀತಿಯನ್ನು ಕೈಬಿಡುವ ಆ ಹುಡುಗಿಯ ತಳಮಳವನ್ನು ಆಕೆ ಅಷ್ಟು ಚೆನ್ನಾಗಿ ಅಭಿನಯಿಸಿದ್ದರಲ್ಲಿ ಆಶ್ಚರ್ಯವೇನಿದೆ? ಆ ಆಯ್ಕೆಯನ್ನು ಆಕೆ ಮನೆಯಲ್ಲಿ ದಿನವೂ ಮಾಡುತ್ತಿದ್ದಳು.

ಮನೆ ಎಂದರೆ ಶಾರ್ಲೆಟ್. ಇಲ್ಲಿ ಮರ್ಲ್‌ಳ ಪರವಾದ ವಾದ ಸ್ವಲ್ಪ ತಡೆದು ನಿಲ್ಲಬೇಕು. ಕಲ್ಕತ್ತೆಯಿಂದ ಜೊತೆಗೆ ಬಂದ, ಮೈಬಣ್ಣ ಕಪ್ಪಾಗಿದ್ದ ಶಾರ್ಲೆಟ್‌ಳನ್ನು ಲಂಡನ್ನಿನ ಮನೆಗೆ ಬಂದ ಅತಿಥಿಗಳ ಮುಂದೆ ಆಕೆ ಮನೆಗೆಲಸದವಳೆಂದು ತೋರಿಸುತ್ತಿದ್ದಳು ಎಂದು ಜೀವನಚರಿತ್ರೆಗಳು ಹೇಳುತ್ತವೆ. ಸಾಕಿದ ತಾಯಿ ಟ್ರೇ ಹಿಡಿದು ಬಂದು ಚಹಾ ಇಟ್ಟು ಹೋಗಬೇಕು, ಮಗಳು ಅತ್ತ ನೋಡದೆ ಮಾತು ಮುಂದುವರಿಸಬೇಕು. 1937ರಲ್ಲಿ ಶಾರ್ಲೆಟ್ ತೀರಿಕೊಂಡಳು. ಬಹಳ ವರ್ಷದ ಮೇಲೆ ಮರ್ಲ್ ಒಂದು ಹಳೆಯ ಫೋಟೋ ಕೊಟ್ಟು ಆಕೆಯ ತೈಲಚಿತ್ರ ಬರೆಸಿದಳು, ಮೈಬಣ್ಣವನ್ನು ಬೆಳ್ಳಗೆ ಮಾಡಿಸಿ ಗೋಡೆಗೆ ತೂಗುಹಾಕಿಕೊಂಡಳು ಎಂದೂ ಅವೇ ಪುಸ್ತಕಗಳಲ್ಲಿದೆ. ಜೀವಂತವಿದ್ದಾಗ ತಾಯಿ ಎನ್ನಲಾಗದವಳನ್ನು ಸತ್ತ ಮೇಲೆ ಬಣ್ಣ ಬದಲಿಸಿ ತಾಯಿಯಾಗಿಸಿಕೊಂಡಳು.

ಇದನ್ನು ಕಾನೂನಿನ ತಪ್ಪು, ಸ್ಟುಡಿಯೋದ ತಪ್ಪು ಎಂದು ಪೂರ್ತಿ ಹೊರಿಸಿ ಕೈತೊಳೆದುಕೊಳ್ಳಲಾಗದು. ಕಾನೂನು ಆಕೆಯ ಬಾಯಿ ಕಟ್ಟಿತ್ತು, ನಿಜ. ಆದರೆ ಆ ಟ್ರೇ ಶಾರ್ಲೆಟ್‌ಳ ಕೈಗೆ ಬಂದದ್ದು ಮರ್ಲ್‌ಳ ಮನೆಯಲ್ಲಿ. ಬೇರೆಯವರು ಹಾಕಿದ ಗೆರೆಯನ್ನು ಮನೆಯೊಳಗೂ ಎಳೆದುಕೊಂಡಾಗ ಅದರ ಭಾರ ಬೀಳುವುದು ಮನೆಯಲ್ಲಿ ಎಲ್ಲರಿಗಿಂತ ಅಶಕ್ತರ ಮೇಲೆ. ಹೆತ್ತ ಕಾನ್‌ಸ್ಟನ್ಸ್ ಭಾರತದಲ್ಲೇ ಉಳಿದಳು, ಮದುವೆಯಾದಳು, ಇನ್ನೂ ನಾಲ್ಕು ಮಕ್ಕಳನ್ನು ಹೆತ್ತಳು. ಅವರಲ್ಲಿ ಒಬ್ಬ ಮುಂದೆ ಅಮೆರಿಕದಲ್ಲಿ ಮರ್ಲ್‌ಳನ್ನು ನೋಡಲು ಹೋದ. ಭೇಟಿಗೆ ಆಕೆ ಒಪ್ಪಲಿಲ್ಲ. ಜನನ ದಾಖಲೆಯ ಸಂಗತಿ ಗೊತ್ತಿದ್ದರೂ ಆತ ಅದನ್ನು ಆಕೆಯ ಜೀವನಚರಿತ್ರೆ ಬರೆಯುತ್ತಿದ್ದವರಿಗೆ ಹೇಳಲಿಲ್ಲ, ಆಕೆ ಸತ್ತು ವರ್ಷಗಳಾದ ಮೇಲೆ ಸಾಕ್ಷ್ಯಚಿತ್ರಕ್ಕಷ್ಟೇ ತೆರೆದಿಟ್ಟ. ಬಾಗಿಲು ಹಾಕಿಸಿಕೊಂಡವನೇ ಆಕೆಯ ಗುಟ್ಟನ್ನು ಕಾಯ್ದ. ಈ ಇಡೀ ಕತೆಯಲ್ಲಿ ದೊಡ್ಡತನ ಎಂಬ ಮಾತು ಯಾರಿಗಾದರೂ ಸಲ್ಲುವುದಾದರೆ ಅದು ಅವನಿಗೆ.

1978ರಲ್ಲಿ ಟಾಸ್ಮೇನಿಯಾದ ರಾಜಧಾನಿ ಹೋಬರ್ಟ್ ತನ್ನ 'ಮಗಳನ್ನು' ಸತ್ಕರಿಸಲು ಕರೆಯಿತು. ಮರ್ಲ್ ಹೋದಳು. ನಗರದ ಮೇಯರ್ ಏರ್ಪಡಿಸಿದ್ದ ಸಮಾರಂಭದಲ್ಲಿ, ತಾನು ಇಲ್ಲಿ ಹುಟ್ಟಿದವಳಲ್ಲ ಎಂದು ಆಕೆಯೇ ಹೇಳಿ, ಆರೋಗ್ಯ ಸರಿಯಿಲ್ಲವೆಂದು ಬೇಗನೆ ಹೊರಟುಹೋದಳು. ಉಳಿದ ದಿನ ಹೋಟೆಲಿನ ಕೋಣೆ ಬಿಟ್ಟು ಬರಲಿಲ್ಲ, ತನ್ನ ಹೆಸರಿಟ್ಟಿದ್ದ ರಂಗಮಂದಿರವನ್ನೂ ನೋಡಲಿಲ್ಲ. ಎಲ್ಲಿ ಹುಟ್ಟಿದೆ ಎಂಬುದನ್ನು ಆಗಲೂ ಹೇಳಲಿಲ್ಲ. ಮಾರನೆಯ ವರ್ಷ, 1979ರ ನವೆಂಬರ್ 23ರಂದು, ಪಾರ್ಶ್ವವಾಯು ಬಡಿದು ಕ್ಯಾಲಿಫೋರ್ನಿಯಾದಲ್ಲಿ ತೀರಿಕೊಂಡಳು.

ತಮಾಷೆ ಎಂದರೆ ಟಾಸ್ಮೇನಿಯಾ ಆಕೆಯನ್ನು ಬಿಡಲು ತಯಾರಿರಲಿಲ್ಲ. ಆಕೆ ತಮ್ಮ ಊರಿನ ಹೋಟೆಲ್ ಒಂದರಲ್ಲಿ ಕೆಲಸಕ್ಕಿದ್ದ ಚೀನೀ ಮೂಲದ ಹೆಣ್ಣಿನ ಮಗಳು ಎಂಬ ಕತೆ ಅಲ್ಲಿ ಬೆಳೆದಿತ್ತು, ಜನ ಅದನ್ನು ಮನಸಾರೆ ನಂಬಿದ್ದರು. ಪ್ರಚಾರದ ಮೇಜಿನ ಮೇಲೆ ಹುಟ್ಟಿದ ಸುಳ್ಳೊಂದು ದ್ವೀಪದಲ್ಲಿ ಬೇರು ಬಿಟ್ಟು, ಅಲ್ಲಿಯವರ ಸ್ವಂತ ಹೆಮ್ಮೆಯಾಗಿ ಚಿಗುರಿತ್ತು. ಎಲ್ಲರಿಗೂ ಒಬ್ಬ ತಾರೆ ಬೇಕು.

ಈಗ ಆ ಸಾಲಿನಲ್ಲಿ ಭಾರತ ನಿಂತಿದೆ. ಆಸ್ಕರ್ ಪಟ್ಟಿಯ ಮೊದಲ ಭಾರತೀಯಳು ಎಂಬ ಪಟ್ಟ ಕಟ್ಟಲು ಅವಸರವಾಗಿದೆ. ಆದರೆ ಆಕೆ ಬಂದ ಸಮುದಾಯಕ್ಕೆ ಈ ನೆಲ ಕೊಟ್ಟ ಜಾಗ ಯಾವುದು? ಹಿಂದಿ ಸಿನಿಮಾದಲ್ಲಿ ದಶಕಗಳ ಕಾಲ ಆಂಗ್ಲೋ ಇಂಡಿಯನ್ ಹೆಣ್ಣು ಎಂದರೆ ಗಿಡ್ಡ ಉಡುಪಿನ ಟೈಪಿಸ್ಟ್ ಅಥವಾ ಕ್ಯಾಬರೆ ಕುಣಿಯುವವಳು. ಸಹಾನುಭೂತಿಯಿಂದ ಮಾಡಿದ 1975ರ 'ಜೂಲಿ'ಯಲ್ಲೂ, ಕನ್ನಡಿಗರಿಗೆ ಚೆನ್ನಾಗಿ ಪರಿಚಯವಿರುವ ಲಕ್ಷ್ಮಿ ಅಭಿನಯಿಸಿದ ನಾಯಕಿ ಮದುವೆಗೆ ಮುಂಚೆ ಬಸುರಾಗುವವಳೇ. ಲೋಕಸಭೆಯಲ್ಲಿ ಈ ಸಮುದಾಯಕ್ಕಿದ್ದ ಎರಡು ನಾಮನಿರ್ದೇಶಿತ ಸ್ಥಾನಗಳು, ಕರ್ನಾಟಕ ವಿಧಾನಸಭೆಯಲ್ಲಿದ್ದ ಒಂದು ಸ್ಥಾನವೂ ಸೇರಿ, 2020ರ ಜನವರಿಯಲ್ಲಿ ಕೊನೆಗೊಂಡವು. 2011ರ ಜನಗಣತಿಯಂತೆ ದೇಶದಲ್ಲಿ ಇರುವುದು 296 ಆಂಗ್ಲೋ ಇಂಡಿಯನ್ನರು ಎಂಬ ಲೆಕ್ಕವನ್ನು ಸರಕಾರ ಸಂಸತ್ತಿನಲ್ಲಿ ಮುಂದಿಟ್ಟಿತ್ತು. ಸಮುದಾಯದವರು ಆ ಸಂಖ್ಯೆಯನ್ನು ಒಪ್ಪಲಿಲ್ಲ. ಇರುವವರನ್ನು ಲೆಕ್ಕದಿಂದ ಬಿಟ್ಟು, ಸತ್ತ ಒಬ್ಬಳನ್ನು ಲೆಕ್ಕಕ್ಕೆ ಸೇರಿಸಿಕೊಳ್ಳುವ ಉತ್ಸಾಹವನ್ನು ಅಭಿಮಾನ ಎನ್ನುವುದು ಕಷ್ಟ.

ಹಾಗಾದರೆ ಆಕೆಯನ್ನು ಏನೆಂದು ಕರೆಯಬೇಕು? ಮೊದಲ ಭಾರತೀಯಳು ಎನ್ನುವುದರಲ್ಲಿ ಒಂದು ಬಲಾತ್ಕಾರವಿದೆ, ಬದುಕಿಡೀ ಆಕೆ ಬೇಡವೆಂದ ಹೆಸರನ್ನು ಸತ್ತ ಮೇಲೆ ಹೊರಿಸಿದಂತೆ. ಬ್ರಿಟಿಷ್ ನಟಿ ಎಂದಷ್ಟೇ ಬಿಟ್ಟರೆ ಪ್ರಚಾರ ವಿಭಾಗದ ಸುಳ್ಳಿಗೆ ಇನ್ನೊಮ್ಮೆ ಸಹಿ ಹಾಕಿದಂತೆ. ಆ ಅಮೆರಿಕನ್ ಪತ್ರಿಕೆಗಳ ಸುತ್ತುಬಳಸಿನ ಮಾತೇ ಇದ್ದುದರಲ್ಲಿ ಪ್ರಾಮಾಣಿಕ. ಅದು ಹೇಳಿಕೊಳ್ಳಬಲ್ಲವರನ್ನೂ ಹೇಳಿಕೊಳ್ಳಲಾಗದವರನ್ನೂ ಬೇರೆ ಮಾಡಿತು. ಆದರೆ ಹೇಳಿಕೊಳ್ಳಲು ಏಕೆ ಆಗಲಿಲ್ಲ ಎಂಬ ಮುಂದಿನ ವಾಕ್ಯವನ್ನು ಬರೆಯಲಿಲ್ಲ. ಮರ್ಲ್ ಒಬೆರಾನ್ ಬಗ್ಗೆ ಬರೆಯುವ ಯಾರೇ ಆಗಲಿ ಆ ವಾಕ್ಯಕ್ಕೆ ಜಾಗ ಬಿಡಬೇಕು: 1917ರ ಕಾಯ್ದೆ, 1923ರ ತೀರ್ಪು, 1934ರ ಸಂಹಿತೆ. ಅದರ ಕೆಳಗೆ ಇನ್ನೂ ಎರಡು ಹೆಸರು ಬರಬೇಕು, ಯಾವ ಚಿತ್ರದ ಪಟ್ಟಿಯಲ್ಲೂ ಇಲ್ಲದವು. ಒಬ್ಬಳು ಮಗುವನ್ನು ಹೆತ್ತು ಅಕ್ಕನಾದ ಕಾನ್‌ಸ್ಟನ್ಸ್. ಇನ್ನೊಬ್ಬಳು ಅದೇ ಮಗುವನ್ನು ಸಾಕಿ, ಕೊನೆಗೆ ಅದರ ಮನೆಯಲ್ಲೇ ಕೆಲಸದವಳೆನಿಸಿಕೊಂಡ ಶಾರ್ಲೆಟ್.